ಮರಿಯ ಒಂದು ಬೂಟು ನಮ್ಮ ಸೂಟ್‌ಕೇಸಿನಲ್ಲಿ ಬಂದಿದೆ

ಮಗಳೇ,

ಊರಿಗೆ ಬಂದು ಹತ್ತು ದಿನವಾಯಿತು. ಫೋನ್ ಮಾಡಿದಾಗಲೆಲ್ಲ ಶಿವಮೊಗ್ಗದ ಮಳೆ, ಅಜ್ಜಿಯ ಬಿಪಿ, ಅಷ್ಟೇ ಮಾತಾಡಿ ಇಟ್ಟುಬಿಡುತ್ತೇವೆ. ವೇಲ್ಸಿನ ಆ ಕಡಲೂರು ಟೆನ್‌ಬಿಯಲ್ಲಿ ನೀನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ವಿಮಾನ ನಿಲ್ದಾಣದಲ್ಲೇ ಏನಾದರೂ ಹೇಳಬೇಕು ಅಂತಿದ್ದೆ. ಅಷ್ಟರಲ್ಲಿ ನಿಮ್ಮಪ್ಪ ಪಾಸ್‌ಪೋರ್ಟ್ ಎಲ್ಲಿ ಅಂತ ಶುರು ಮಾಡಿದರು.

ತಪ್ಪು ನನ್ನದು. ಮೊದಲು ಇದನ್ನು ಬರೆದುಬಿಡುತ್ತೇನೆ, ಆಮೇಲೆ ಬರೆಯಲು ಆಗುತ್ತೋ ಇಲ್ಲವೋ.

ಮಲ್ಪೆಯಲ್ಲಿ ಹುಟ್ಟಿದವಳು ನಾನು. ಕಡಲು ನನಗೆ ಹೇಳಿಕೊಡಬೇಕಾ ಅನ್ನುವ ಜಂಬ. ಬೆಳಿಗ್ಗೆ ಬಂದರಿನಲ್ಲಿ ದೋಣಿಗಳೆಲ್ಲ ಕೆಸರಿನ ಮೇಲೆ ಒಂದು ಮಗ್ಗುಲಿಗೆ ಮಲಗಿದ್ದವಲ್ಲ, ಅದನ್ನು ನೋಡಿದಾಗಲೇ ಬುದ್ಧಿ ಬರಬೇಕಿತ್ತು. ನಮ್ಮ ಕಡೆ ಭರತ ಅಂದರೆ ನೀರು ಒಂದಾಳು ಎತ್ತರವೂ ಏರುವುದಿಲ್ಲ. ಅಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ಏಳೆಂಟು ಮೀಟರ್. ಬ್ರಿಸ್ಟಲ್ ಚಾನಲ್ ಆಲಿಕೆಯ ಹಾಗೆ ಕಿರಿದಾಗುತ್ತಾ ಹೋಗುತ್ತೆ, ನೀರಿಗೆ ಜಾಗ ಸಾಲದೆ ಮೇಲೇರುತ್ತೆ ಅಂತ ಅಳಿಯಂದಿರು ಕಾರಿನಲ್ಲೇ ಹೇಳಿದ್ದರು. ನಾನು ಕಿಟಕಿಯಾಚೆ ಕುರಿ ನೋಡುತ್ತಿದ್ದೆ. ನೀನು ಚೀಟಿಯಲ್ಲಿ ನೀರು ಏರುವ ಹೊತ್ತು ಬರೆದು ಕೈಗೆ ಕೊಟ್ಟಿದ್ದೆ. ಅದು ಪರ್ಸಿನಲ್ಲೇ ಇತ್ತು.

ನೀರಿಳಿದ ಹೊತ್ತಿಗೆ ನಾನೂ ನಿನ್ನ ಮಗ ಮರಿಯೂ ಸೇಂಟ್ ಕ್ಯಾಥರಿನ್ ದ್ವೀಪಕ್ಕೆ ಮರಳಿನ ಮೇಲೇ ನಡೆದುಹೋದೆವು. ಮೇಲಿನ ಹಳೇ ಕೋಟೆಯಲ್ಲಿ ಒಂದು ಕಾಲಕ್ಕೆ ಮೃಗಾಲಯ ಇತ್ತಂತೆ, ಮರಿಗೆ ಅದೇ ಗೀಳು. ಬಂಡೆಯ ನೆರಳಲ್ಲಿ ಕೂತು ಚಿಪ್ಪು ಹೆಕ್ಕಿದೆವು. ಅಲೆಯ ಸದ್ದೇ ಇರಲಿಲ್ಲ ಕಣೇ. ನಮ್ಮಲ್ಲಿ ಕಡಲು ಬರುವಾಗ ಹೇಳಿ ಬರುತ್ತೆ. ಅಲ್ಲಿ ಸುಮ್ನೆ ಎರಡೂ ಕಡೆಯಿಂದ ತೆಳ್ಳಗೆ ಹರಿದು ಬಂದು, ನಮ್ಮ ಹಿಂದೆ ಸೇರಿಕೊಂಡಿತು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬರು ದಡದಿಂದ ಕೂಗಿದಾಗಲೇ ನಾನು ತಿರುಗಿದ್ದು.

ಇಪ್ಪತ್ತು ಹೆಜ್ಜೆ ಇರಬಹುದು. ನೀರು ಮೊಣಕಾಲಿಗೆ. ‘ಅಲ್ಲೇ ನಿಲ್ಲು, ಎತ್ಕೋತೀನಿ’ ಅಂತ ಕೂಗಿದೆ. ಮರಿ ನಿಲ್ಲಲಿಲ್ಲ. ನಕ್ಕುಕೊಂಡು ಇನ್ನೂ ಮುಂದೆ ಹೋದ. ಅವನಿಗೆ ಅರ್ಥವೇ ಆಗಿರಲಿಲ್ಲ. ನನಗೆ ಆ ಹೊತ್ತಿಗೆ ಒಂದೇ ಒಂದು ಇಂಗ್ಲಿಷ್ ಶಬ್ದ ಬರಲಿಲ್ಲ. ಸ್ಟಾಪ್ ಅನ್ನುವುದು ಕೂಡ.

ನೋಡು, ಇದನ್ನು ಹೇಳಬಾರದು ಅಂದುಕೊಂಡಿದ್ದೆ. ತಪ್ಪು ನನ್ನದು ಅಂದವಳು ಈಗ ನಿನ್ನ ಮೇಲೆ ಹಾಕುತ್ತಿದ್ದಾಳೆ ಅಂತೀಯ. ಆದರೂ ಹೇಳುತ್ತೇನೆ. ವೇಲ್ಸಿನಲ್ಲಿ ಎಷ್ಟೋ ಬೋರ್ಡಿನಲ್ಲಿ ಅವರ ಭಾಷೆ ಮೇಲೆ, ಇಂಗ್ಲಿಷ್ ಕೆಳಗೆ. ನಿನ್ನ ಮಗ ಒಂದೇ ವಾರದಲ್ಲಿ ರಸ್ತೆ ಮೇಲೆ ಬರೆದ ‘ಅರವ್’ ಓದಿ, ನಿಧಾನ ಅಂತ ಅಪ್ಪನಿಗೆ ಜೋರು ಮಾಡುತ್ತಿದ್ದ. ಟೆನ್‌ಬಿಗೆ ‘ದಿನ್‌ಬಿಖ್ ಅ ಪಸ್ಗೊಡ್’ ಅನ್ನಬೇಕು, ಮೀನಿನ ಪುಟ್ಟ ಕೋಟೆ ಅಂತ ಅರ್ಥ ಅಂತ ನನಗೇ ಪಾಠ ಮಾಡಿದ. ಅಷ್ಟು ಚುರುಕು ಇರುವವನಿಗೆ ‘ನಿಲ್ಲು’ ಗೊತ್ತಿಲ್ಲ ಅಂದರೆ? ದಿನಕ್ಕೆ ಹತ್ತು ನಿಮಿಷ ಅವನ ಹತ್ತಿರ ಕನ್ನಡದಲ್ಲಿ ಮಾತಾಡು. ಊಟಕ್ಕೆ ಕರೆಯುವಾಗ, ಸ್ನಾನ ಮಾಡಿಸುವಾಗ. ಕೆಲಸ ಜಾಸ್ತಿ, ಗೊತ್ತು. ನಾನೂ ಬ್ಯಾಂಕಿಗೆ ಹೋಗಿಕೊಂಡೇ ನಿನ್ನನ್ನು... ಬಿಡು.

ಅಜ್ಜಿ ಬಂದವರ ಹತ್ತಿರವೆಲ್ಲ ಆ ತೋಟದ ಮನೆಯದ್ದೇ ಕಥೆ. ಕಾಲ್ಡಿ ದ್ವೀಪದಲ್ಲಿ ಸನ್ಯಾಸಿಗಳು ಚಾಕೊಲೇಟ್ ಮಾಡುತ್ತಾರೆ ಅಂದರೆ ಯಾರೂ ನಂಬುತ್ತಿಲ್ಲವಂತೆ. ಕಾವಲಿ ಮೇಲೆ ಸುಡುವ ವೆಲ್ಷ್ ಕೇಕನ್ನು ಮನೆಯಲ್ಲೇ ಮಾಡೋಣ ಅನ್ನುತ್ತಿದ್ದಾರೆ. ಅದಕ್ಕೆ ಮೊಟ್ಟೆ ಹಾಕುತ್ತಾರೆ ಅಂತ ನಾನು ಹೇಳಿಲ್ಲ. ನೀನೂ ಹೇಳಬೇಡ. ಮೂರು ತಿಂದಿದ್ದಾರೆ. ಎಂಬತ್ತೊಂದರ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕಡಲ ತನಕ ತಳ್ಳಿಕೊಂಡು ಹೋದೆಯಲ್ಲ, ಅದನ್ನು ನಾನು ಒಂದು ಸಲವೂ ಮೆಚ್ಚಿ ಹೇಳಲಿಲ್ಲ. ಅಷ್ಟು ಜನರ ತಿಂಡಿ, ಮಾತ್ರೆ, ಮಳೆ ಕೋಟು ಎಲ್ಲ ಒಬ್ಬಳೇ ನೋಡಿಕೊಂಡೆ. ನಾನು ನಿನ್ನ ವಯಸ್ಸಿನಲ್ಲಿ ಅತ್ತೆಯನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿಬರುವುದರಲ್ಲೇ ಸುಸ್ತಾಗಿದ್ದೆ.

ಮತ್ತೆ ಅಲ್ಲಿಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ರಾತ್ರಿ ಎಚ್ಚರವಾದರೆ ನಿನ್ನ ಬೈಗುಳ ನೆನಪಾಗುವುದಿಲ್ಲ. ಅವನ ಕೈ ನೆನಪಾಗುತ್ತೆ. ಒದ್ದೆ, ಮರಳು ಮೆತ್ತಿಕೊಂಡ ಕೈ. ಒಂದು ಸಲ ಹಿಡಿದೆ, ಜಾರಿತು. ಎರಡನೇ ಸಲ ಅಂಗಿಯ ಹಿಂಭಾಗ ಸಿಕ್ಕಿತು. ಜಾರಿದ ಸಂಗತಿ ನಿನಗೆ ನಾನು ಹೇಳಿರಲಿಲ್ಲ. ನೀನು ಚಿಪ್ಸ್ ಪೊಟ್ಟಣ ಹಿಡಿದು ಓಡಿ ಬರುವ ಹೊತ್ತಿಗೆ ಅವನು ಆಗಲೇ ನಗುತ್ತಿದ್ದ, ನಾನೂ ಏನೂ ಆಗಿಲ್ಲ ಅಂದುಬಿಟ್ಟೆ. ನಿನಗೆ ಸಿಟ್ಟು ಬಂದದ್ದು ಆ ಮಾತಿಗೇ ಅಲ್ವಾ? ಏನೂ ಆಗಿಲ್ಲ ಅನ್ನುವಂತಿರಲಿಲ್ಲ. ಸಾರಿ ಕಣೇ.

ಡಿಸೆಂಬರಿಗೆ ಬರುತ್ತೀರಾ? ಮಲ್ಪೆಗೆ ಹೋಗೋಣ. ಕೈ ನೀನೇ ಹಿಡಿದುಕೋ, ನಾನು ದಡದಲ್ಲಿ ಚೀಲ ಕಾಯುತ್ತೇನೆ.

ಅವನ ಬಲಗಾಲಿನ ಬೂಟು, ನೀರಿನಲ್ಲಿ ಕಳಚಿದ್ದನ್ನು ನಾನು ನನ್ನ ಚೀಲಕ್ಕೆ ಹಾಕಿಕೊಂಡಿದ್ದೆ, ಅದು ಇಲ್ಲಿಗೇ ಬಂದಿದೆ. ಮಳೆಗೆ ಒಣಗುತ್ತಿಲ್ಲ, ಹೊಲಿಗೆಯ ಹತ್ತಿರ ಬಿಳೀ ಉಪ್ಪು ಕೂತಿದೆ. ಇನ್ನೊಂದನ್ನು ಎಸೆದಿಲ್ಲ ತಾನೇ?

ಅಮ್ಮ