ಜೆರಾರ್ಡ್ ಅವರಿಗೆ ಲಿವರ್‌ಪೂಲ್ ಹೊಣೆ: ಈಗಲೇ ಬೇಡ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡ ಸತತವಾಗಿ ಕೆಲವು ಪಂದ್ಯಗಳನ್ನು ಸೋತರೆ ಸಾಕು, ಅದರ ಮಾಜಿ ನಾಯಕ ಸ್ಟೀವನ್ ಜೆರಾರ್ಡ್ ಅವರನ್ನು ಮ್ಯಾನೇಜರ್ (ಮುಖ್ಯ ತರಬೇತುದಾರ) ಆಗಿ ಕರೆತರಬೇಕೆಂಬ ಮಾತು ಅಭಿಮಾನಿಗಳ ನಡುವೆ ಏಳುತ್ತದೆ. ತಡರಾತ್ರಿಯವರೆಗೆ ಎಚ್ಚರವಿದ್ದು ಆ ತಂಡದ ಆಟ ನೋಡುವ ಬೆಂಗಳೂರಿನ ನಮ್ಮಂಥವರಲ್ಲೂ ಈ ಆಸೆ ಬಲವಾಗಿಯೇ ಇದೆ. ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 2005ರ ಇಸ್ತಾಂಬುಲ್ ಫೈನಲ್‌ನಲ್ಲಿ ಎಸಿ ಮಿಲಾನ್ ಎದುರು ಮೂರು ಗೋಲುಗಳಿಂದ ಹಿಂದಿದ್ದ ತಂಡಕ್ಕೆ ಮೊದಲ ಗೋಲು ತಂದುಕೊಟ್ಟು ಜೀವ ತುಂಬಿದ ನಾಯಕನನ್ನು ಯಾರು ತಾನೇ ಮರೆತಾರು? ಆದರೂ ಆ ಹುದ್ದೆಗೆ ಅವರು ಇನ್ನೂ ಸಿದ್ಧರಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅವರ ಪರ ವಾದಿಸುವವರು ಮೊದಲು ಎತ್ತುವುದು ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್‌ನ ಮ್ಯಾನೇಜರ್ ಆಗಿ ಅವರು ಮಾಡಿದ ಸಾಧನೆಯನ್ನು. 2020-21ರ ಸ್ಕಾಟಿಷ್ ಲೀಗ್‌ನ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ, ಕೇವಲ 13 ಗೋಲು ಬಿಟ್ಟುಕೊಟ್ಟು, ಸತತ ಹತ್ತನೇ ಪ್ರಶಸ್ತಿಯತ್ತ ಕಣ್ಣಿಟ್ಟಿದ್ದ ಸೆಲ್ಟಿಕ್ ತಂಡವನ್ನು ತಡೆದದ್ದು ಸಣ್ಣ ಮಾತಲ್ಲ. ಆದರೆ ಅಲ್ಲಿನ ಮೂರು ಪೂರ್ಣ ಋತುಗಳಲ್ಲಿ ಅವರಿಗೆ ದಕ್ಕಿದ ಪ್ರಶಸ್ತಿ ಅದೊಂದೇ. ಮೇಲಾಗಿ, ಮೈದಾನದಲ್ಲಿ ನಿಂತು ಆಟಗಾರರನ್ನು ತಿದ್ದುವ ಕೆಲಸದಲ್ಲಿ ತಮ್ಮ ಸಹಾಯಕ ಮೈಕಲ್ ಬೀಲ್ ತಮಗಿಂತ ಬಹಳ ಮುಂದಿದ್ದಾರೆ ಎಂದು ಜೆರಾರ್ಡ್ ಅವರೇ ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡಿದ್ದರು.

ಆಮೇಲೆ ಅವರು ಮ್ಯಾನೇಜರ್ ಆಗಿ ಸೇರಿದ ಇಂಗ್ಲೆಂಡಿನ ಕ್ಲಬ್ ಆ್ಯಸ್ಟನ್ ವಿಲ್ಲಾದಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2022ರ ಬೇಸಿಗೆಯಲ್ಲಿ ಬೀಲ್ ಬೇರೆ ಕ್ಲಬ್‌ಗೆ ಹೋದರು. ಹೊಸ ಋತುವಿನ ಮೊದಲ 11 ಪಂದ್ಯಗಳಲ್ಲಿ ತಂಡಕ್ಕೆ ಸಿಕ್ಕಿದ್ದು 9 ಅಂಕ ಮಾತ್ರ. ಅಕ್ಟೋಬರ್‌ನಲ್ಲಿ ಫುಲ್‌ಹ್ಯಾಮ್ ಎದುರು 3-0ರಿಂದ ಸೋತ ರಾತ್ರಿಯೇ ಜೆರಾರ್ಡ್ ಹುದ್ದೆ ಕಳೆದುಕೊಂಡರು. ಅವರ ಜಾಗಕ್ಕೆ ಬಂದ ಉನಾಯ್ ಎಮರಿ ಬಹುತೇಕ ಅದೇ ಆಟಗಾರರನ್ನು ಇಟ್ಟುಕೊಂಡು ಅದೇ ಋತುವನ್ನು ಏಳನೇ ಸ್ಥಾನದಲ್ಲಿ ಮುಗಿಸಿದರು, ಮರುವರ್ಷ ನಾಲ್ಕನೇ ಸ್ಥಾನಕ್ಕೇರಿ ಚಾಂಪಿಯನ್ಸ್ ಲೀಗ್ ಪ್ರವೇಶಿಸಿದರು. ಆಟಗಾರರು ಸರಿಯಿರಲಿಲ್ಲ ಎಂಬ ಸಮರ್ಥನೆಗೆ ಇದಾದ ಮೇಲೆ ಆಧಾರ ಉಳಿಯುವುದಿಲ್ಲ. ಸೌದಿಯ ಅಲ್ ಇತ್ತಿಫಾಕ್ ಕ್ಲಬ್‌ನಿಂದಲೂ ಅವರು ಒಪ್ಪಂದ ಮುಗಿಯುವ ಮೊದಲೇ, 2025ರ ಜನವರಿಯಲ್ಲಿ ಹೊರಬಂದರು.

ಹಳೆಯ ಆಟಗಾರ ಎಂದೂ ಗೆಲ್ಲಲಾರ ಎಂಬುದು ನನ್ನ ವಾದವಲ್ಲ. ಕೆನ್ನಿ ಡಾಲ್‌ಗ್ಲಿಷ್ 1985ರಲ್ಲಿ ಲಿವರ್‌ಪೂಲ್‌ನಲ್ಲಿ ಆಡುತ್ತಲೇ ಮ್ಯಾನೇಜರ್ ಆಗಿ ಮೊದಲ ಋತುವಿನಲ್ಲೇ ಲೀಗ್ ಮತ್ತು ಎಫ್ಎ ಕಪ್ ಎರಡನ್ನೂ ಗೆದ್ದರು; ಆಗ ಸಲಹೆಗೆ ಕ್ಲಬ್‌ನ ಮಾಜಿ ಮ್ಯಾನೇಜರ್ ಬಾಬ್ ಪೈಸ್ಲಿ ಇದ್ದರು, ದಶಕಗಳ ಅನುಭವವಿದ್ದ ತರಬೇತಿ ಸಿಬ್ಬಂದಿ ಜೊತೆಗಿತ್ತು. ಅದೇ ಕ್ಲಬ್‌ನ ಇನ್ನೊಬ್ಬ ಮಾಜಿ ನಾಯಕ ಗ್ರೇಮ್ ಸೂನೆಸ್ 1991ರಲ್ಲಿ ಬಂದದ್ದು ಸಹ ರೇಂಜರ್ಸ್‌ನಲ್ಲಿ ಲೀಗ್ ಗೆದ್ದ ಹೆಸರಿನ ಮೇಲೆಯೇ. 1992ರ ಎಫ್ಎ ಕಪ್ ಸಿಕ್ಕಿತಾದರೂ ತಂಡ ಲೀಗ್‌ನಲ್ಲಿ ಎರಡು ಬಾರಿ ಆರನೇ ಸ್ಥಾನಕ್ಕೆ ಕುಸಿಯಿತು. 1994ರ ಜನವರಿಯಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಅಭಿಮಾನಿಗಳೊಂದಿಗಿನ ಅವರ ಸಂಬಂಧಕ್ಕೆ ಆ ವರ್ಷಗಳಲ್ಲಿ ಬಿದ್ದ ಪೆಟ್ಟು ಜೆರಾರ್ಡ್ ಅವರಿಗೂ ಬೀಳುವುದನ್ನು ನಾನು ನೋಡಲಾರೆ.

ಯುರೋಪಿನ ಯಾವುದಾದರೂ ಮಧ್ಯಮ ಮಟ್ಟದ ಕ್ಲಬ್‌ನಲ್ಲಿ ಅವರು ಎರಡು ಮೂರು ಋತು ನೆಲೆ ನಿಲ್ಲಲಿ, ಸೋಲುತ್ತಿರುವ ತಂಡವನ್ನು ಋತುವಿನ ಮಧ್ಯದಲ್ಲಿ ಸರಿಪಡಿಸಿ ತೋರಿಸಲಿ. ಅಲ್ಲಿಯವರೆಗೆ, ಲಿವರ್‌ಪೂಲ್ ಪರ ಆಡಿದ 710 ಪಂದ್ಯಗಳನ್ನು ಬದಿಗಿಟ್ಟು, ಬೇರೆ ಅಭ್ಯರ್ಥಿಗಳನ್ನು ಅಳೆಯುವ ಮಾನದಂಡದಿಂದಲೇ ಕ್ಲಬ್‌ನ ಮಾಲೀಕರು ಅವರನ್ನೂ ಅಳೆಯಬೇಕು.

– ಫುಟ್‌ಬಾಲ್ ಅಭಿಮಾನಿ, ಆಸ್ಟಿನ್ ಟೌನ್, ಬೆಂಗಳೂರು