ದೆವ್ವದ ಸಿನಿಮಾಕ್ಕೂ ದಸರಾದಲ್ಲಿ ಒಂದು ದಿನ ಕೊಡಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ದೆವ್ವದ ಸಿನಿಮಾಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಎಲ್ಲರಿಗೂ ಗೊತ್ತಿರುವ ಹೆಸರುಗಳೇ ಜಾಸ್ತಿ. ಕಾದಂಬರಿಯಿಂದ ಹುಟ್ಟಿ ಮೂಲೆ ಸೇರಿದ ಚಿತ್ರಗಳ ಸುದ್ದಿಯೇ ಇಲ್ಲ. ನಾನು 1988ರಿಂದ 13 ವರ್ಷ ಸರಸ್ವತಿಪುರಂನಲ್ಲಿ ವಿಡಿಯೊ ಲೈಬ್ರರಿ ನಡೆಸಿದವನು. ಸುಮ್ನೆ ಕೂರಲು ಆಗಲಿಲ್ಲ.

ನಮ್ಮದನ್ನೇ ನೋಡಿ. ಯಂಡಮೂರಿ ವೀರೇಂದ್ರನಾಥರ ಮಾಟದ ಕಾದಂಬರಿ ‘ತುಳಸಿದಳ’ವನ್ನು ಹೆದರಿಕೊಂಡು ಓದಿದವರು ಈಗಲೂ ಬೀದಿಗೊಬ್ಬರು ಸಿಗುತ್ತಾರೆ. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅದನ್ನು ಕನ್ನಡದಲ್ಲೇ ಸಿನಿಮಾ ಮಾಡಿದ್ದರು, ಶರತ್ ಬಾಬು, ಆರತಿ ಇದ್ದರು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ನನ್ನ ಹತ್ತಿರ ಅದರ ಒಂದೇ ಕ್ಯಾಸೆಟ್ ಇತ್ತು. ಅಮಾವಾಸ್ಯೆ ದಿನ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅದರ ಮೇಲೆ ಬೇರೇನೂ ರೆಕಾರ್ಡ್ ಆಗದಿರಲಿ ಅಂತ ಕ್ಯಾಸೆಟ್ಟಿನ ಬೆನ್ನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದೇ ಕೊಡುತ್ತಿದ್ದೆ. ಯಾರೋ ಪುಣ್ಯಾತ್ಮರು ಆ ತೂತಿಗೆ ಸೆಲೊಟೇಪ್ ಅಂಟಿಸಿ ತಮ್ಮ ಮನೆ ಮದುವೆ ತುಂಬಿಸಿದರು! ಮದುವೆ ಗಡಿಬಿಡಿಯಲ್ಲಿ ಅದನ್ನೇ ವಾಪಸ್ಸೂ ಕೊಟ್ಟರು. ಈಗ ಆ ಕ್ಯಾಸೆಟ್ ಹಾಕಿದರೆ, ಕಥೆಯ ಪುಟ್ಟ ಹುಡುಗಿ ತುಳಸಿಗೆ ಮಾಟ ಇನ್ನೇನು ತಗುಲಬೇಕು, ಪರದೆ ತುಂಬ ಗೀರು ಬರುತ್ತದೆ. ಆಮೇಲೆ ನಾದಸ್ವರ. ಊಟದ ಪಂಕ್ತಿಯನ್ನು ಪಾಯಸದವರೆಗೂ ಬಿಡದೆ ತೆಗೆದಿದ್ದಾರೆ.

ಹೊರದೇಶದಲ್ಲೂ ಇದೇ ಪಾಡು. ಮಗ ಮೊಬೈಲಿನಲ್ಲಿ ಒಂದೊಂದಾಗಿ ತೋರಿಸುತ್ತಾನೆ. 1910ರಲ್ಲಿ ಎಡಿಸನ್ ಕಂಪನಿ ತೆಗೆದ ‘ಫ್ರಾಂಕೆನ್‌ಸ್ಟೈನ್’ ಕಳೆದೇ ಹೋಯಿತು ಅಂತ ಬಹಳ ಕಾಲ ಅಂದುಕೊಂಡಿದ್ದರಂತೆ. ಅಮೆರಿಕದಲ್ಲಿ ಹಳೆ ರೀಲು ಕೂಡಿಡುವ ಒಬ್ಬರ ಮನೆಯಲ್ಲಿ ಒಂದು ಪ್ರಿಂಟ್ ಉಳಿದಿತ್ತು. ಲೆಮ್ ಅವರ ಬಾಹ್ಯಾಕಾಶದ ಕಾದಂಬರಿ ‘ಸೋಲಾರಿಸ್’ ಅಂದರೆ ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿ ಅವರ 1972ರ ಚಿತ್ರವೇ ಎಲ್ಲರ ಬಾಯಲ್ಲಿ. 4 ವರ್ಷ ಮೊದಲೇ ಸೋವಿಯತ್ ಟಿವಿಯವರು ಅದನ್ನು ಕಪ್ಪುಬಿಳುಪಿನಲ್ಲಿ ಮಾಡಿ ಮುಗಿಸಿದ್ದರು. 1931ರ ‘ಡ್ರಾಕುಲಾ’ದ್ದು ಇನ್ನೂ ಮಜಾ. ಹಗಲು ಇಂಗ್ಲಿಷಿನವರು ಶೂಟಿಂಗ್ ಮುಗಿಸಿ ಮನೆಗೆ ಹೋದರೆ, ರಾತ್ರಿ ಅದೇ ಸೆಟ್ಟಿಗೆ ಬೇರೆ ನಟರು ಬಂದು ಅದೇ ಕಥೆಯನ್ನು ಸ್ಪ್ಯಾನಿಷಿನಲ್ಲಿ ಮಾಡುತ್ತಿದ್ದರು. ನನ್ನ ಕೇಳಿದರೆ ರಾತ್ರಿ ಪಾಳಿಯದೇ ವಾಸಿ. ಕ್ಯಾಮೆರಾಕ್ಕೆ ಕಾಲು ಬಂದ ಹಾಗಿದೆ. ರಕ್ತ ಕುಡಿಯುವವನ ಸಿನಿಮಾ ರಾತ್ರಿ ತೆಗೆಯುವುದೇ ಸರಿ, ಅಲ್ವಾ?

ಈ ಸಲದ ದಸರಾ ಚಲನಚಿತ್ರೋತ್ಸವದಲ್ಲಿ ಇಂಥವಕ್ಕೆ ಒಂದು ದಿನ ಕೊಡಲಿ. ಪೂರ್ತಿ ದಿನ ಆಗದಿದ್ದರೆ ಒಂದು ಬೆಳಗಿನ ಆಟವಾದರೂ ಸಾಕು. ಆಟಕ್ಕೆ ಮುಂಚೆ ಮೂಲ ಕಾದಂಬರಿ ಓದಿದವರೊಬ್ಬರು ಹತ್ತು ನಿಮಿಷ ಮಾತಾಡಲಿ.

ಯಾರ ಮನೆ ಅಟ್ಟದಲ್ಲಾದರೂ ‘ತುಳಸಿದಳ’ದ ಪೂರ್ತಿ ಕ್ಯಾಸೆಟ್ ಇದ್ದರೆ, ಬೂಷ್ಟು ಹಿಡಿದಿದ್ದರೂ ಗುಜರಿಗೆ ಹಾಕಬೇಡಿ. ನನ್ನ ವಿಸಿಆರ್ ಇನ್ನೂ ಓಡುತ್ತದೆ. ಆ ಮದುವೆಯವರು ಇದನ್ನು ಓದಿದರೆ ಬಂದು ತಮ್ಮ ಕ್ಯಾಸೆಟ್ ತೆಗೆದುಕೊಂಡು ಹೋಗಬಹುದು. ಬಾಡಿಗೆ ಬಾಕಿ ಕೇಳುವುದಿಲ್ಲ.

– ಹಳೆ ವಿಡಿಯೊ ಲೈಬ್ರರಿಯವ, ಸರಸ್ವತಿಪುರಂ, ಮೈಸೂರು