ಮೆಟೀರಿಯಲ್ಸ್ ಸೀಟು ತಗೊಳ್ಳೋ ಮುಂಚೆ: ತಮ್ಮನ ಮಗಳಿಗೊಂದು ಪತ್ರ

ಪ್ರೀತಿಯ ಸಹನಾ,

ನಿಮ್ಮಪ್ಪ ಫೋನ್ ಮಾಡಿದ್ದ. ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾ ಕೌನ್ಸೆಲಿಂಗ್‌ನಲ್ಲಿ ಸುರತ್ಕಲ್ ಎನ್‌ಐಟಿಯ ಮೆಟಲರ್ಜಿಕಲ್ ಅಂಡ್ ಮೆಟೀರಿಯಲ್ಸ್, ಅಂದರೆ ಲೋಹ ಮತ್ತಿತರ ವಸ್ತುಗಳ ಎಂಜಿನಿಯರಿಂಗ್, ಸಿಗುವ ಹಾಗಿದೆಯಂತೆ. ಇನ್ನೊಂದು ಕಡೆ ಒಂದು ಖಾಸಗಿ ಕಾಲೇಜಿನವರು ಹೊಸದಾಗಿ ಮೆಟೀರಿಯಲ್ಸ್ ಶುರು ಮಾಡಿ ಕರೆಯುತ್ತಿದ್ದಾರಂತೆ, ಮನೆಯಲ್ಲಿ ಎಲ್ಲರೂ ‘ಆ ಕಾಲೇಜಿಗೆ ಎ ಪ್ಲಸ್ ಪ್ಲಸ್ ಇದೆ, ಇನ್ನೇನು ಬೇಕು’ ಅನ್ನುತ್ತಿದ್ದಾರಂತೆ. ಕಂಪ್ಯೂಟರ್ ಸೈನ್ಸ್ ಬೇಡ ಅಂತ ನೀನು ಹಟ ಹಿಡಿದಿರುವುದು ನನಗಂತೂ ಖುಷಿ. ಅದನ್ನು ನಿಮ್ಮಪ್ಪನ ಮುಂದೆ ಹೇಳಲು ಹೋಗಬೇಡ.

ಮೊದಲು ಈ ಎ ಪ್ಲಸ್ ಪ್ಲಸ್ ವಿಷಯ ಮುಗಿಸಿಬಿಡೋಣ. ಅದು ಕಾಲೇಜುಗಳ ಗುಣಮಟ್ಟ ನೋಡುವ ನ್ಯಾಕ್ ಸಂಸ್ಥೆ ಕೊಟ್ಟ ಗ್ರೇಡ್, ಇಡೀ ಕಾಲೇಜಿಗೆ ಸೇರಿದ್ದು. ನೀನು ಓದಲು ಹೊರಟ ಬ್ರಾಂಚ್ ಹೇಗಿದೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರ ಮಂಡಳಿ ಎಐಸಿಟಿಇಯ ಮಂಜೂರಾತಿ ಅಂದರೆ ಕೋರ್ಸ್ ನಡೆಸಲು ಅನುಮತಿ, ಅಷ್ಟೇ. ನೀನು ನೋಡಬೇಕಾದದ್ದು ಎನ್‌ಬಿಎ (ನ್ಯಾಷನಲ್ ಬೋರ್ಡ್ ಆಫ್ ಅಕ್ರೆಡಿಟೇಶನ್) ಮಾನ್ಯತೆ. ಇದನ್ನು ಕಾಲೇಜಿಗೆ ಕೊಡುವುದಿಲ್ಲ, ಒಂದೊಂದು ಕೋರ್ಸಿಗೆ ಬೇರೆ ಬೇರೆಯಾಗಿ ಕೊಡುತ್ತಾರೆ. ಅದೇ ಕಾಲೇಜಿನ ಮೆಕ್ಯಾನಿಕಲ್‌ಗೆ ಇದ್ದು ಮೆಟೀರಿಯಲ್ಸ್‌ಗೆ ಇಲ್ಲದಿರಬಹುದು. ಅದಕ್ಕೆ ಅವಧಿಯೂ ಇದೆ, ಸಾಮಾನ್ಯವಾಗಿ ಮೂರು ಇಲ್ಲವೇ ಆರು ವರ್ಷ. ಹಾಗಾಗಿ ಪ್ರಾಸ್ಪೆಕ್ಟಸ್ ಮೇಲಿನ ಮುದ್ರೆ ನೋಡಿ ಸುಮ್ಮನಾಗದೆ ಎನ್‌ಬಿಎ ವೆಬ್‌ಸೈಟಿಗೇ ಹೋಗಿ, ನಿನ್ನ ಕೋರ್ಸಿನ ಹೆಸರು ಇದೆಯಾ, ಯಾವ ವರ್ಷದವರೆಗೆ ಇದೆ ಅಂತ ನೋಡು.

ಹೊಸ ಕೋರ್ಸಿಗೆ ಎನ್‌ಬಿಎ ಇಲ್ಲದಿರುವುದು ತಪ್ಪೇನಲ್ಲ. ಕನಿಷ್ಠ ಎರಡು ಬ್ಯಾಚ್ ಪಾಸಾಗಿ ಹೊರಬರುವ ತನಕ ಅವರು ಅರ್ಜಿ ಹಾಕುವ ಹಾಗೇ ಇಲ್ಲ. ಆದರೆ ‘ಬಂದೇ ಬರುತ್ತೆ ಮೇಡಂ’ ಅಂತ ಈಗಲೇ ಭರವಸೆ ಕೊಡುವವರ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಬೇಡ.

ಹೊರದೇಶದ ಆಸೆ ಇದೆ ಅಂತಿದ್ದೆ ಅಲ್ವಾ? ಹಾಗಿದ್ದರೆ ಇನ್ನೊಂದು ವಿಷಯ ಗೊತ್ತಿರಲಿ. 1989ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್‌ಗಳ ಎಂಜಿನಿಯರಿಂಗ್ ಸಂಸ್ಥೆಗಳು ಸೇರಿ ವಾಷಿಂಗ್ಟನ್ ಒಪ್ಪಂದ ಮಾಡಿಕೊಂಡವು, ಒಬ್ಬರು ಮಾನ್ಯತೆ ಕೊಟ್ಟ ಎಂಜಿನಿಯರಿಂಗ್ ಪದವಿಯನ್ನು ಇನ್ನೊಬ್ಬರು ಸಮ ಅಂತ ಒಪ್ಪಿಕೊಳ್ಳಲು. ನಮ್ಮ ಎನ್‌ಬಿಎ ಅದರ ಪೂರ್ಣ ಸದಸ್ಯ ಆಗಿದ್ದು 2014ರಲ್ಲಿ. ಆದರೆ ಎನ್‌ಬಿಎಯಲ್ಲೂ ಟಿಯರ್ ಒಂದು (ವಿಶ್ವವಿದ್ಯಾಲಯ, ಸ್ವಾಯತ್ತ ಕಾಲೇಜುಗಳಿಗೆ), ಟಿಯರ್ ಎರಡು (ವಿಶ್ವವಿದ್ಯಾಲಯದ ಕೆಳಗಿರುವ ಉಳಿದ ಕಾಲೇಜುಗಳಿಗೆ) ಅಂತ ಇದೆ, ಈ ಒಪ್ಪಂದದ ಲಾಭ ಟಿಯರ್ ಒಂದರ ಕೋರ್ಸುಗಳಿಗೆ ಮಾತ್ರ. ಅಲ್ಲಿ ಎಂಜಿನಿಯರ್ ಲೈಸೆನ್ಸ್ ಬೇಕು ಅನ್ನುವವರಿಗೆ ಇದು ಮುಖ್ಯ. ಸುಮ್ನೆ ಎಂಎಸ್‌ಗೆ ಹೋಗುವವರಿಗೆ ಅಂಕ, ಪ್ರಾಜೆಕ್ಟ್, ಮೇಷ್ಟ್ರು ಬರೆದುಕೊಡುವ ಪತ್ರಗಳೇ ಜಾಸ್ತಿ ಕೆಲಸ ಮಾಡುತ್ತವೆ, ಆದ್ದರಿಂದ ಅದೊಂದಕ್ಕೇ ತಲೆ ಕೆಡಿಸಿಕೊಳ್ಳಬೇಡ.

ಇಷ್ಟು ಬರಿ ಪೇಪರ್ ವಿಷಯ. ನನಗೆ ನಿಜವಾಗಿ ಹೇಳಬೇಕಾದ್ದು ಕೋರ್ಸಿನ ಗುರಿಗಳ ಬಗ್ಗೆ.

ಪ್ರತಿ ವಿಭಾಗದ ವೆಬ್‌ಪೇಜಿನಲ್ಲೂ ಪಿಇಒ ಅಂತ ಮೂರ್ನಾಲ್ಕು ಸಾಲು ಇರುತ್ತದೆ. ಯಾರೂ ಓದುವುದಿಲ್ಲ. ನೀನು ಓದು. ಪಾಸಾಗಿ ನಾಲ್ಕೈದು ವರ್ಷವಾದ ಮೇಲೆ ತಮ್ಮ ಹುಡುಗ ಹುಡುಗಿಯರು ಏನು ಮಾಡುತ್ತಿರಬೇಕು ಅಂತ ವಿಭಾಗದವರು ಬರೆದುಕೊಂಡಿರುವುದು ಅದು. ಅದರ ಕೆಳಗೆ ಪಿಒ ಇರುತ್ತದೆ, ಪದವಿ ಮುಗಿಯುವ ದಿನ ನಿನ್ನ ಕೈಯಲ್ಲಿ ಏನು ಸಾಮರ್ಥ್ಯ ಇರಬೇಕು ಅನ್ನುವ ಪಟ್ಟಿ. ನಾನು ಫ್ಯಾಕ್ಟರಿಯಲ್ಲಿದ್ದಾಗ ಒಂದು ಕಾಲೇಜಿನ ಸಲಹಾ ಸಮಿತಿಗೆ ಕರೆದಿದ್ದರು, ಹೆಸರು ಬೇಡ ಬಿಡು. ಅಲ್ಲಿ ಸಿವಿಲ್, ಮೆಕ್ಯಾನಿಕಲ್, ಮೆಟಲರ್ಜಿ ಮೂರಕ್ಕೂ ಒಂದೇ ಪಿಇಒ, ಬ್ರಾಂಚಿನ ಹೆಸರು ಮಾತ್ರ ಬದಲು! ಯಾವ ಪಾಠಕ್ಕೆ ಯಾವ ಗುರಿ ಎಷ್ಟು ಸೇರುತ್ತದೆ ಅಂತ ಎಕ್ಸೆಲ್‌ನಲ್ಲಿ 1, 2, 3 ತುಂಬಿಸಿಟ್ಟಿದ್ದರು. ನೋಡಲು ಬಲು ಚಂದ. ಲ್ಯಾಬಿಗೆ ಹೋದರೆ ಲೋಹ ಕಾಯಿಸುವ ಕುಲುಮೆ, ಫರ್ನೇಸ್, ಕೆಟ್ಟು ಕೂತಿತ್ತು.

ಮೆಟೀರಿಯಲ್ಸ್ ಕೋರ್ಸಿನ ಗುರಿ ಹೇಗಿರಬೇಕು ಅಂದರೆ, ನಾಲ್ಕು ವಿಷಯ ಅದರಲ್ಲಿ ಒಟ್ಟಿಗೆ ಇರಬೇಕು: ವಸ್ತುವಿನ ಒಳರಚನೆ, ಅದರ ಗುಣ, ಅದನ್ನು ತಯಾರಿಸುವ ರೀತಿ, ಕೆಲಸದಲ್ಲಿ ಅದು ನಡೆದುಕೊಳ್ಳುವ ರೀತಿ. ಅಮೆರಿಕದಲ್ಲಿ ಎಬೆಟ್ ಅನ್ನುವ ಸಂಸ್ಥೆ ಮಾನ್ಯತೆ ಕೊಡುತ್ತದೆ, ಅವರು ಮೆಟೀರಿಯಲ್ಸ್ ಕೋರ್ಸಿಗೆ ಅಂತಲೇ ಇಟ್ಟಿರುವ ನಿಯಮವೂ ಈ ನಾಲ್ಕನ್ನೇ ಕೇಳುತ್ತದೆ. ಅಲ್ಲಿಯೂ ಮಾನ್ಯತೆ ಕೋರ್ಸಿಗೇ ಹೊರತು ಯೂನಿವರ್ಸಿಟಿಗೆ ಅಲ್ಲ. ಎಷ್ಟು ಜನ ಸೇರಿದರು, ಎಷ್ಟು ಜನ ಪದವಿ ಪಡೆದರು ಅಂತ ಪ್ರತಿ ವರ್ಷ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು ಅನ್ನುವ ನಿಯಮ ನನಗೆ ತುಂಬಾ ಇಷ್ಟ.

ಆ ನಾಲ್ಕು ಯಾಕೆ ಬೇಕು ಅಂತ ಕೇಳಬಹುದು. ನಮ್ಮಲ್ಲಿ ಮಾಮೂಲಿ ಬಳಸುವ, ಇಂಗಾಲ ಮಧ್ಯಮ ಪ್ರಮಾಣದಲ್ಲಿರುವ ಇಎನ್ 8 ಉಕ್ಕನ್ನೇ ತಗೋ. ಸುಮಾರು 850 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದಿದರೆ ಗಡಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ, ಪೆಟ್ಟು ಬಿದ್ದರೆ ಒಡೆಯುತ್ತದೆ. ಅದೇ ತುಂಡನ್ನು ಕಾಯಿಸಿ ಫರ್ನೇಸಿನೊಳಗೇ ನಿಧಾನ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ಅದ್ದಿದ್ದನ್ನು ಮತ್ತೆ ಕಡಿಮೆ ಶಾಖದಲ್ಲಿ ಕಾಯಿಸಿ ಹದ ಮಾಡಿದರೆ ಶಾಫ್ಟ್‌ಗೆ ಸರಿಹೋಗುತ್ತದೆ. ಉಕ್ಕಿನಲ್ಲಿರುವ ಇಂಗಾಲ ಮೂರರಲ್ಲೂ ಅಷ್ಟೇ! ಈ ಮೂರು ತುಂಡನ್ನು ನೀನೇ ಕಾಯಿಸಿ, ನೀನೇ ಪಾಲಿಶ್ ಮಾಡಿ, ಒಳರಚನೆ ಕಾಣುವ ಹಾಗೆ ನೈಟಾಲ್ ಅನ್ನುವ ಆಮ್ಲದ ದ್ರಾವಣ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿ, ಗಡಸುತನ ಅಳೆದು, ಯಾಕೆ ಹೀಗಾಯಿತು ಅಂತ ಬರೆಯಲು ಬಂದರೆ ಅಲ್ಲಿ ಪಾಠ ನಡೆದಿದೆ ಅಂತ ಅರ್ಥ. ಡೆಮೋ ತೋರಿಸಿ ರೆಕಾರ್ಡ್ ಬರೆಸುವ ಕಡೆ ಮಾನ್ಯತೆ ಇದ್ದರೂ ನಿನಗೇನು ಉಪಯೋಗ?

ಮಾನ್ಯತೆ ಬೇಡ ಅನ್ನುತ್ತಿಲ್ಲ. ಇದಕ್ಕಿಂತ ಕೆಳಗೆ ಇಳಿದಿಲ್ಲ ಅನ್ನುವುದಕ್ಕೆ ಅದು ಒಂದು ಸಾಕ್ಷಿ, ಅಷ್ಟು ಇರಲೇಬೇಕು. ಅದರ ಮೇಲಿನದು ಮೇಷ್ಟ್ರ ಮೇಲೆ, ಲ್ಯಾಬಿನ ಮೇಲೆ, ಸ್ವಲ್ಪ ನಿನ್ನ ಮೇಲೂ ನಿಂತಿದೆ.

ಈ ವಾರ ಸುರತ್ಕಲ್‌ನಲ್ಲಿ ಮೂರನೇ ವರ್ಷದ ಒಬ್ಬರನ್ನು, ಆ ಹೊಸ ಕೋರ್ಸಿನಲ್ಲಿ ಇರುವವರಲ್ಲೇ ಹಿರಿಯರೊಬ್ಬರನ್ನು ಹುಡುಕಿ ಮಾತಾಡು. ಪ್ಲೇಸ್‌ಮೆಂಟ್ ಪ್ಯಾಕೇಜ್ ಕೇಳಬೇಡ, ಅದನ್ನು ಕೇಳದಿದ್ದರೂ ಹೇಳುತ್ತಾರೆ. ಕಳೆದ ಸೆಮಿಸ್ಟರ್‌ನಲ್ಲಿ ಫರ್ನೇಸ್ ಎಷ್ಟು ಸಲ ನೀವೇ ಹಚ್ಚಿದಿರಿ, ಕೋರ್ಸಿನ ಬಗ್ಗೆ ಕೊಟ್ಟ ಫೀಡ್‌ಬ್ಯಾಕ್‌ನಿಂದ ಸಿಲಬಸ್‌ನಲ್ಲಿ ಏನಾದರೂ ಬದಲಾಯಿತಾ, ಇದೆರಡು ಕೇಳು. ಉತ್ತರ ನನಗೆ ವಾಟ್ಸಾಪ್ ಮಾಡು, ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ. ಜೋಸಾ ಕೊನೆ ದಿನಾಂಕ ಮರೆಯಬೇಡ.

ನಿನ್ನ ದೊಡ್ಡಪ್ಪ